ಹಳೆ ಸರಕಾರದ ಸೀಲು

ಕಡಬದ ನಮ್ಮ ಮಸೀದಿ ಕಮಿಟಿಗೆ ನಾನು, ಅಬ್ದುಲ್ ರಹ್ಮಾನ್, ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಕಾಗದಪತ್ರವೆಂದರೆ ಊರವರು ನನ್ನನ್ನೇ ಕೇಳುತ್ತಾರೆ. ಕೇಳಿ ಹಾಳಾಗುತ್ತಾರೆ.

ತಂಗಿ ನೆಬೀಸಳ ಮಗ ಹಿಶಾಮ್ ವಯರಿಂಗ್ ಕೆಲಸಕ್ಕೆ ಹೋದ ದೇಶದಲ್ಲಿ ಯುದ್ಧ ಹತ್ತಿಕೊಂಡಿತು. ಏಳು ತಿಂಗಳಾದ ಮೇಲೆ ಗುಂಡಿನ ಸದ್ದು ನಿಂತಿತು. ಅಷ್ಟರಲ್ಲಿ ಅಲ್ಲಿಯ ಸರಕಾರವೇ ಓಡಿಹೋಗಿತ್ತು. ಮಧ್ಯಂತರ ಸರಕಾರ ಮಾಡಲು ಆರು ದೇಶದವರು ಎರಡೂ ಕಡೆಯವರನ್ನು ಎಲ್ಲಿಯೋ ದೂರದ ಹೋಟೆಲಿನಲ್ಲಿ ಕೂರಿಸಿದರು. ಶುಕ್ರವಾರ ಸಹಿ ಬೀಳುತ್ತದೆ ಎಂದು ಟಿವಿಯವರು ಬೊಬ್ಬೆ ಹೊಡೆದರು.

ಬುಧವಾರ ಹಿಶಾಮ್ ಫೋನ್ ಮಾಡಿದ. ಗಡಿಗೆ ಬಸ್ಸು ಹೊರಟಿದೆ, ಹಳೆ ಸರಕಾರದ ಗುಮಾಸ್ತನೊಬ್ಬ ಹಳೆ ಸೀಲೊತ್ತಿ ಪರ್ಮಿಟ್ ಕೊಡುತ್ತಿದ್ದಾನೆ, ತೆಗೆದುಕೊಳ್ಳಲೇ ಎಂದು ಕೇಳಿದ.

ನಮ್ಮಲ್ಲಿ ಕಮಿಟಿ ಬದಲಾದ ದಿನವೇ ಹಳೆ ಸೀಲು ಕಪಾಟಿನೊಳಗೆ ಹೋಗುತ್ತದೆ. ಆಮೇಲೆ ಅದನ್ನೊತ್ತಿದ ಪತ್ರ ತಂದವರನ್ನು ನಾನೇ ಎಷ್ಟೋ ಸಲ ವಾಪಸ್ ಅಟ್ಟಿದ್ದೇನೆ.

"ಅದನ್ನು ಮುಟ್ಟಬೇಡ ಮಾರಾಯ, ಗಡಿಯಲ್ಲಿ ಹಿಡಿದು ಒಳಗೆ ಹಾಕ್ತಾರೆ. ಎರಡೇ ದಿನ ಉಂಟಲ್ಲ, ಹೊಸ ಸೀಲಿನದ್ದೇ ತೆಕ್ಕೊ" ಎಂದೆ.

ಹಿಶಾಮ್ ಉಳಿದ. ಆ ಬಸ್ಸಿನವರೆಲ್ಲ ದಾಟಿದರು. ಗಡಿಯವರು ಸೀಲನ್ನು ನೋಡಲೂ ಇಲ್ಲವಂತೆ. ಹಿಶಾಮನ ರೂಮಿನಲ್ಲಿದ್ದ, ನಮ್ಮ ಕಡೆಯ ನರಿಮೊಗರಿನ ಸಂಪ್ರೀತ್ ಅದೇ ಬಸ್ಸು ಹತ್ತಿ ಭಾನುವಾರ ಮನೆಯಲ್ಲಿ ಊಟಕ್ಕೆ ಕೂತಿದ್ದ. ಅತ್ತ ಹೋಟೆಲಿನಲ್ಲಿ ಶುಕ್ರವಾರ, ಗೃಹಖಾತೆ ಯಾರಿಗೆ ಎಂದು ಜಗಳವಾಗಿ ಒಂದು ಕಡೆಯವರು ಎದ್ದುಹೋದರು, ಗಡಿ ಮುಚ್ಚಿತು. ಈಗ ಐದನೇ ತಿಂಗಳು. ಥೂ, ಇಂಥ ಎಷ್ಟು ಜಗಳಗಳನ್ನು ನಾನು ಒಂದು ಚಾ ಕುಡಿಯುವಷ್ಟರಲ್ಲಿ ಮುಗಿಸಿಲ್ಲ! ಆದರೆ ಅಲ್ಲಿ ನನ್ನನ್ನು ಕೇಳುವವರು ಯಾರು? ರಾಯಭಾರ ಕಚೇರಿಗೆ ನಾಲ್ಕು ಸಲ ಬರೆದೆ. ಸರಕಾರ ರಚನೆಯಾಗಲಿ ಎಂಬುದೊಂದೇ ಉತ್ತರ.

ಬಸ್ಸಿನ ವಿಷಯ ನೆಬೀಸಳಿಗೆ ನಾನು ಹೇಳಿಲ್ಲ. ಹಿಶಾಮನೂ ಹೇಳಿಲ್ಲ. ಅದಕ್ಕೇ ನನಗೆ ಅವನ ಮುಂದೆ ಹೆಚ್ಚು ನಾಚಿಕೆ.

ನಿನ್ನೆ ಮಧ್ಯಾಹ್ನ ಅವಳ ಮನೆಯಲ್ಲಿದ್ದಾಗ ಅವನ ಫೋನ್ ಬಂತು, ಅವಳು ಸ್ಪೀಕರಿಗೆ ಹಾಕಿ ಹಿಡಿದಳು. ಸೋಮವಾರ ಮತ್ತೆ ಮಾತುಕತೆಯಂತೆ, ಈ ಸಲ ಸಹಿ ಖಂಡಿತವಂತೆ. ಆದರೆ ಅದೊಂದು ದಿನದ ಮಟ್ಟಿಗೆ ಗುಡ್ಡದ ದಾರಿಯಲ್ಲಿ ಗಡಿ ದಾಟಿಸುವವರು ಬಂದಿದ್ದಾರಂತೆ. ಅವರ ಜೊತೆ ಕಳೆದ ವಾರ ಹೋದವರಲ್ಲಿ ಇಬ್ಬರಿಗೆ ಗುಂಡು ಬಿದ್ದಿದೆಯಂತೆ.

"ಹೋಗುದಾ, ನಿಲ್ಲುದಾ ಮಾಮ?" ಎಂದ.

ನೆಬೀಸ ಫೋನಿನ ಹತ್ತಿರ ಬಾಯಿ ತಂದಳು. "ಮಾಮ ಹೇಳಿದ ಹಾಗೆ ಕೇಳು ಮೋನೆ, ಕೇಳು ಮಗಾ. ಅವರಿಗೆ ಇದೆಲ್ಲ ಗೊತ್ತುಂಟು."

ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ಹಲೋ, ಹಲೋ ಎಂದು ಅವನು ಕರೆಯುತ್ತಲೇ ಇದ್ದ.