ಊಟಕ್ಕೆ ಮುಂಚೆ ಏಳುವ ಕೂಟ

ವೆಂಕಟೇಶಯ್ಯನವರಿಗೆ ನಡೆಯುತ್ತ ಮಾತಾಡಲು ಬರುವುದಿಲ್ಲ. ಮಾತು ಬಂತೆಂದರೆ ಕಾಲು ನಿಲ್ಲಬೇಕು, ಕಾಲು ಹೊರಟಿತೆಂದರೆ ಮಾತು ನಿಲ್ಲಬೇಕು. ಎರಡಕ್ಕೂ ಒಟ್ಟಿಗೆ ಅಪ್ಪಣೆ ಕೊಡುವ ಸಾಮರ್ಥ್ಯವನ್ನು ಆ ತೆಳ್ಳನೆಯ ದೇಹಕ್ಕೆ ದೇವರು ದಯಪಾಲಿಸಿಲ್ಲ. ತುಮಕೂರಿನ ಗುಬ್ಬಿ ಗೇಟಿನಿಂದ ಅವರ ಮನೆ ಹತ್ತು ನಿಮಿಷದ ದಾರಿ, ಜೊತೆಯಲ್ಲಿ ಹೊರಟ ನನ್ನಂಥವರಿಗೆ ಮಾತ್ರ ಅದೊಂದು ಯಾತ್ರೆ. ರಸ್ತೆಯ ನಟ್ಟನಡುವೆ, ಒಂದು ಕೈಯಲ್ಲಿ ಮಡಿಸಿದ ಕೊಡೆ, ಇನ್ನೊಂದು ಕೈಯ ತೋರುಬೆರಳು ಆಕಾಶಕ್ಕೆ, ವಾಕ್ಯ ಮುಗಿಯುವವರೆಗೆ ಹಾಗೇ ನಿಂತುಬಿಡುತ್ತಾರೆ. ಹಿಂದಿನಿಂದ ಬಂದ ಆಟೋದವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಪಕ್ಕದಿಂದ ಸುತ್ತಿಕೊಂಡು ಹೋಗುತ್ತಾರೆ.

ನಮ್ಮ ಕಾಲೇಜಿನಲ್ಲಿ ಅವರು ಫ್ರೆಂಚ್ ಕಲಿಸುತ್ತಿದ್ದರು, ನಾನು ಕನ್ನಡ ಕಲಿಸುತ್ತಿದ್ದೆ. ಯಾರೂ ಹೆಚ್ಚಾಗಿ ಆರಿಸಿಕೊಳ್ಳದ ಆ ಎರಡು ಭಾಷೆಗಳಿಗೆ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದೇ ಮೇಜು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಅವರ ಮೈಮೇಲೆ ಕಂದುಬಣ್ಣದ ದಪ್ಪ ಕೋಟು. ಯಾಕೆ ಸಾರ್ ಎಂದು ಕೇಳಿದರೆ "ಹಾಗಂತಲ್ಲ..." ಎಂದು ಶುರುಮಾಡಿ ಸುಮ್ಮನಾಗುತ್ತಿದ್ದರು. ಈ "ಹಾಗಂತಲ್ಲ" ಅವರ ಸಕಲ ಸಂಭಾಷಣೆಯ ಮಂಗಳಾಚರಣೆ. ಕಾಫಿ ಬೇಕೇ ಎಂದರೂ ಹಾಗಂತಲ್ಲ, ಪ್ರಿನ್ಸಿಪಾಲರ ಮೇಲೆ ದೂರು ಕೊಡೋಣವೇ ಎಂದರೂ ಹಾಗಂತಲ್ಲ. ಹೌದು ಎಂದು ಒಬ್ಬರನ್ನು ಮೆಚ್ಚಿಸಿ ಇನ್ನೊಬ್ಬರನ್ನು ನೋಯಿಸುವುದಾಗಲಿ, ಇಲ್ಲ ಎಂದು ಎದುರಿಗಿದ್ದವರ ಮುಖ ಬಾಡಿಸುವುದಾಗಲಿ ಅವರಿಂದ ಆಗುತ್ತಿರಲಿಲ್ಲ. ಇಂಥ ಮೃದುತನವನ್ನು ನಾವೆಲ್ಲ ಸಜ್ಜನಿಕೆ ಎಂದೇ ಕರೆದೆವು.

ಭಾನುವಾರ ಸಂಜೆ ಅವರ ಮನೆಯ ಮುಂದಿನ ವರಾಂಡದಲ್ಲಿ 'ಅಪೆರೊ' ನಡೆಯುತ್ತಿತ್ತು. ಫ್ರಾನ್ಸಿನವರು ರಾತ್ರಿಯೂಟಕ್ಕೆ ಮೊದಲು ನಾಲ್ಕು ಜನ ಸೇರಿ, ಗ್ಲಾಸಿನಲ್ಲಿ ಏನಾದರೂ ಗುಟುಕರಿಸುತ್ತ, ಕುರುಕಲು ಬಾಯಾಡಿಸುತ್ತ, ಹರಟೆ ಹೊಡೆದು ಎದ್ದುಹೋಗುವ ಪದ್ಧತಿ ಅದು. ಫ್ರೆಂಚ್ ಕಲಿಯಲೆಂದು ಒಂದು ವರ್ಷ ಪಾಂಡಿಚೇರಿಯಲ್ಲಿದ್ದಾಗ, ಬಾಡಿಗೆಗೆ ಕೋಣೆ ಕೊಟ್ಟಿದ್ದ ಮುದುಕಿ ದೊರೆಸಾನಿಯ ಮನೆಯಲ್ಲಿ ಇವರು ಇದನ್ನು ಕಂಡರಂತೆ. ಆಕೆ ಕುಡಿಯುತ್ತಿದ್ದ ದ್ರವ ತುಮಕೂರಿಗೆ ಬರುವ ದಾರಿಯಲ್ಲಿ ಸೊಗದೇಬೇರಿನ ಶರಬತ್ತಾಯಿತು, ನಿಂಬೆಹಣ್ಣು ಹಿಂಡಿದ ಸೋಡವಾಯಿತು. ಆಲಿವ್ ಕಾಯಿ ಹೋಗಿ ಹುರಿದ ಕಡಲೆಕಾಯಿ, ಕೋಡುಬಳೆ, ಉಪ್ಪು ಖಾರ ಸವರಿದ ಸೌತೆಕಾಯಿ ಹೋಳು ಬಂದವು. ಆದರೆ ಒಂದು ನಿಯಮವನ್ನು ಮಾತ್ರ ವೆಂಕಟೇಶಯ್ಯನವರು ಅಳ್ಳಾಡಲು ಬಿಡಲಿಲ್ಲ. ಊಟದ ಹೊತ್ತಿಗೆ ಮೊದಲು ಕೂಟ ಏಳಬೇಕು, ಅವರವರ ಊಟ ಅವರವರ ಮನೆಯಲ್ಲಿ.

ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಮುಸ್ಸಂಜೆ ದಾಟಿ ಮನೆಗೆ ಬಂದವರನ್ನು "ಊಟ ಮಾಡ್ಕೊಂಡ್ ಹೋಗಿ" ಎನ್ನದೆ ಕಳಿಸುವ ಮನೆಯನ್ನು ಜನ ಮನೆಯೆಂದು ಲೆಕ್ಕಕ್ಕಿಡುವುದಿಲ್ಲ. ಬಂದವರು ಕೂರದಿದ್ದರೂ ಸರಿಯೇ, ಕರೆಯುವುದು ಕರೆಯಬೇಕು. ಚೇಳೂರಿನ ಕಡೆಯ ಮೂಡಲಗಿರಿಯಪ್ಪ ಎಂಬ ನಿವೃತ್ತ ಎಂಜಿನಿಯರು ಎದುರುಮನೆಯವರು; ಕೂಟಕ್ಕೆ ತಪ್ಪದೆ ಬರುತ್ತಿದ್ದರು, ತಪ್ಪದೆ ಕಾಲೆಳೆಯುತ್ತಿದ್ದರು.

"ಏನ್ ಸಾಮಿ ಇದು, ಹಸಿವು ಕೆರಳ್ಸಿ ಓಡಿಸ್ತೀರಲ್ಲ! ನಮ್ಮೂರಲ್ಲಿ ಹಿಂಗ್ ಮಾಡಿದ್ರೆ ನೆಂಟ್ರು ಮುಂದಿನ್ ವರ್ಷ ಹೊಸಿಲು ತುಳಿಯಲ್ಲ."

"ಹಾಗಂತಲ್ಲ ಮೂಡಲಗಿರಿಯಪ್ಪ, ಫ್ರಾನ್ಸಲ್ಲಿ ಹಾಗೇ."

"ನಿಮ್ ಫ್ರಾನ್ಸ್ ಗುಬ್ಬಿ ಗೇಟಿಂದ ಆಚೆಗಿರ್ಲಿ ಬುಡಿ," ಎಂದು ಅವರು ಜೇಬಿಗೆ ಒಂದು ಹಿಡಿ ಕಡಲೆಕಾಯಿ ಸುರಿದುಕೊಂಡು ಏಳುತ್ತಿದ್ದರು. ಎಲ್ಲರೂ ನಗುತ್ತಿದ್ದೆವು, ಎಲ್ಲರಿಗಿಂತ ಗಟ್ಟಿಯಾಗಿ ನಯಾಜ್ ಅಹಮದ್ ನಗುತ್ತಿದ್ದರು.

ನಯಾಜ್ ಅಹಮದ್ ಮಂಡಿಪೇಟೆಯಲ್ಲಿ ಬಣ್ಣದ ಅಂಗಡಿ ಇಟ್ಟಿದ್ದವರು, ಭಾರಿ ಆಳು. ನಮಗೆಲ್ಲ ಸಾಹೇಬರು, ವೆಂಕಟೇಶಯ್ಯನವರಿಗೆ ಮಾತ್ರ "ಏನೋ ನಯಾಜ್". ಗುಬ್ಬಿಯ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ವೆಂಕಟೇಶಯ್ಯನವರ ತಂದೆ ಅಲ್ಲಿ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ಕೂಟದಲ್ಲಿ ನಯಾಜರಿಗೆಂದು ಮೂಲೆಯ ಬೆತ್ತದ ಕುರ್ಚಿ, ಅದರಲ್ಲಿ ಬೇರೆಯವರು ಕೂರುವಂತಿಲ್ಲ. ಒಳಗೆ ವೆಂಕಟೇಶಯ್ಯನವರ ಹೆಂಡತಿ ಅಲಮೇಲಮ್ಮನವರು ಸಾರಿಗೆ ಒಗ್ಗರಣೆ ಹಾಕಿದ ಸದ್ದು ಕೇಳುತ್ತಲೇ ನಯಾಜ್ ಮಂಡಿಯ ಮೇಲೆ ಕೈಯೂರಿ ಎದ್ದು, "ಇಶಾ ನಮಾಜಿಗೆ ಹೊತ್ತಾಯ್ತು ಕಣೋ ವೆಂಕಟು, ಬರ್ತೀನಿ," ಎನ್ನುತ್ತಿದ್ದರು. ಅವರೆದ್ದರೆ ಕೂಟವೇ ಎದ್ದಂತೆ. ಆ ನಮಾಜನ್ನು ಬೇರೆ ದಿನಗಳಲ್ಲಿ ಅವರು ಅಂಗಡಿಯ ಹಿಂಭಾಗದಲ್ಲೇ ನಿಧಾನವಾಗಿ ಮಾಡಿಕೊಳ್ಳುತ್ತಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ಕೂಟ ಯಾಕೆ ಹುಟ್ಟಿತೆಂಬುದನ್ನು ವೆಂಕಟೇಶಯ್ಯನವರೇ ಒಮ್ಮೆ, ಅಮಾನಿಕೆರೆಯ ಏರಿಯ ಮೇಲೆ ನಿಂತು ನಿಂತು ಹೇಳಿದರು. ಅವರ ತಾಯಿಯದು ಉಗ್ರ ಮಡಿ. ಗುಬ್ಬಿಯಲ್ಲಿ ಹುಡುಗ ನಯಾಜ್ ಆಟಕ್ಕೆ ಕರೆಯಲು ಬಂದಾಗ ಜಗಲಿಯ ಮೇಲೆ ಕೂರಿಸಿ, ಮುತ್ತುಗದೆಲೆಯ ಮೇಲೆ ಎರಡು ಕೋಡುಬಳೆ ಕೊಟ್ಟಿದ್ದರಂತೆ. ಅವನೆದ್ದ ಮೇಲೆ ಆ ಜಾಗಕ್ಕೆ ನೀರು ಚಿಮುಕಿಸಿದರಂತೆ. ಇಬ್ಬರು ಹುಡುಗರೂ ಅದನ್ನು ನೋಡಿದರು, ಇಬ್ಬರೂ ಅದರ ಬಗ್ಗೆ ಯಾವತ್ತೂ ಮಾತಾಡಲಿಲ್ಲ. ಮುಂದೆ ನಯಾಜರ ಮನೆಯಲ್ಲಿ ಪ್ರತಿ ರಂಜಾನ್ ಹಬ್ಬಕ್ಕೆ ವೆಂಕಟೇಶಯ್ಯನವರಿಗೆ ಊಟ ನಡೆಯಿತು. ನಯಾಜರ ಹೆಂಡತಿ ಖುರ್ಷಿದಾ ಬೇಗಂ, ಮಾಂಸ ಸೋಕದ ಹೊಸ ಸ್ಟೀಲ್ ಪಾತ್ರೆಗಳನ್ನು ತಂದು, ಮೇಷ್ಟ್ರ ಪಾತ್ರೆಗಳೆಂದು ಬೇರೆಯೇ ಗೂಡಿನಲ್ಲಿಟ್ಟು, ಅವುಗಳಲ್ಲೇ ಶಾವಿಗೆ ಮಾಡಿ ಬಡಿಸುತ್ತಿದ್ದರು. ಉಂಡ ಋಣ ವರ್ಷವರ್ಷ ಬೆಳೆಯಿತು. ಸ್ನೇಹಿತನನ್ನು ತಿರುಗಿ ಕರೆಯಬೇಕು. ಕರೆದರೆ ಒಳಗೆ ತಾಯಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಊಟಕ್ಕೆ ಕರೆಯದಿರುವುದೇ ಶಿಷ್ಟಾಚಾರವೆನ್ನುವ ಒಂದು ದೇಶ ಭೂಮಿಯ ಮೇಲಿರುವುದು ಆಗ ಅವರಿಗೆ ನೆನಪಾಯಿತು.

ತಾಯಿ ತೀರಿಕೊಂಡರು. ವರ್ಷಾಬ್ದಿಕ ಮುಗಿಯಿತು. ಇನ್ನೇನು ಅಡ್ಡಿ ಎಂದು ನನಗೂ ಅನ್ನಿಸಿತ್ತು, ಒಂದು ದಿನ ಕೇಳಿಯೂಬಿಟ್ಟೆ. "ಹಾಗಂತಲ್ಲ... ಅಲಮೇಲು ಕುಣಿಗಲ್ ಕಡೆ ಅಮೃತೂರಿನ ಮಡಿ ಮನೆತನದವಳು. ಅವಳ ಮನಸ್ಸಿಗೆ ಯಾಕೆ ಕಷ್ಟ ಕೊಡೋದು," ಎಂದರು. ಹೆಂಡತಿಯನ್ನು ಕೇಳಿದ್ದೀರಾ ಎಂದು ನಾನು ಕೇಳಲಿಲ್ಲ. ಅಷ್ಟು ಕಾಲ ಸಂಸಾರ ಮಾಡಿದವರು ಕೇಳದೆ ಹೇಳುವುದುಂಟೇ ಎಂದುಕೊಂಡೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಹಸ್ತದ ಮಳೆ ಹಿಡಿದು ಬಾರಿಸಿತು. ಮೂಡಲಗಿರಿಯಪ್ಪನವರು ಗೇಟಿನಿಂದ ಗೇಟಿಗೆ ಓಡಿ ಮನೆ ಸೇರಿದರು, ನಾನು ಬಂದಿರಲೇ ಇಲ್ಲ. ಕರೆಂಟು ಹೋಗಿ ಮೇಣದಬತ್ತಿಯ ಬೆಳಕಿನಲ್ಲಿ ಗೆಳೆಯರಿಬ್ಬರೇ ಉಳಿದರು. ಒಗ್ಗರಣೆ ಸದ್ದಾಯಿತು, ಇಂಗಿನ ವಾಸನೆ ವರಾಂಡಕ್ಕೆ ಬಂತು. ನಯಾಜ್ ಏಳಲಿಲ್ಲ. ಏಳುವಂಥ ಮಳೆಯೂ ಅದಲ್ಲ. ವೆಂಕಟೇಶಯ್ಯನವರು ಇನ್ನೊಂದು ಗ್ಲಾಸ್ ಶರಬತ್ತು ಬಗ್ಗಿಸಿದರು, ಕೋಡುಬಳೆಯ ತಟ್ಟೆ ಮುಂದೆ ಸರಿಸಿದರು, ಫ್ರೆಂಚರ ಅಡುಗೆಯ ಬಗ್ಗೆ ಏನೇನೋ ಹೇಳಿದರು. ನಾಲಿಗೆಯ ತುದಿಯಲ್ಲಿದ್ದ ಮಾತು ಒಂದೇ, ಅದೇ ಇಳಿಯಲಿಲ್ಲ. ಕೊನೆಗೆ ನಯಾಜರೇ ಎದ್ದು, "ಅಕ್ಕನ ಸಾರಿನ ವಾಸನೆಗೇ ಹೊಟ್ಟೆ ತುಂಬ್ತು ಕಣೋ," ಎಂದು ನಕ್ಕು, ಸುರಿಯುವ ಮಳೆಯಲ್ಲೇ ಸ್ಕೂಟರು ಹತ್ತಿದರು. ನಾಳೆ ಹೇಳಿದರಾಯಿತು, ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೇ ಆ ದಿನ ಗೇಟು ಹಾಕಿದೆ ಎಂದು ವೆಂಕಟೇಶಯ್ಯನವರು ಈಗ ಹೇಳುತ್ತಾರೆ.

ಆ ಚಳಿಗಾಲದಲ್ಲಿ, ಅಂಗಡಿಯ ಷಟರ್ ಎತ್ತಲು ಬಗ್ಗಿದ ನಯಾಜ್ ಅಹಮದ್ ಹಾಗೇ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಉಸಿರಿರಲಿಲ್ಲ. ಮಣ್ಣಿಗೆ ಹೋದ ನಾವೆಲ್ಲ ಹಿಡಿ ಹಿಡಿ ಮಣ್ಣು ಹಾಕಿದೆವು. ವೆಂಕಟೇಶಯ್ಯನವರು ಕೈಯಲ್ಲಿ ಹಿಡಿದ ಮಣ್ಣನ್ನು ಹಾಕದೆ ಬಹಳ ಹೊತ್ತು ನಿಂತಿದ್ದರು. ನಯಾಜರ ಮಗ ಅರ್ಫಾತ್ ಬಂದು, "ಹಾಕಿ ಅಂಕಲ್," ಎಂದು ಮೆಲ್ಲಗೆ ಮೊಣಕೈ ಮುಟ್ಟಿದ ಮೇಲೆ ಹಾಕಿದರು.

ಮುಂದಿನ ಭಾನುವಾರ ನಾನು ಅವರ ಮನೆಗೆ ಹೋದೆ, ಕೂಟಕ್ಕಲ್ಲ, ಸುಮ್ಮನೆ ಜೊತೆಗಿರಲೆಂದು. ಗಂಡ ಹೆಂಡಿರಿಬ್ಬರೂ ವರಾಂಡದಲ್ಲಿದ್ದರು. ವೆಂಕಟೇಶಯ್ಯನವರು ತಮಗೆ ತಾವೇ ಎಂಬಂತೆ ಹೇಳಿದರು, "ಒಂದ್ ದಿನ ಅವನಿಗೆ ಊಟ ಹಾಕೋಕಾಗ್ಲಿಲ್ಲ. ನಿನ್ನ ಮಡಿಗೆ ತೊಂದ್ರೆ ಆಗುತ್ತೆ ಅಂತ..."

ಅಲಮೇಲಮ್ಮನವರು ಕಡಿಮೆ ಮಾತಿನ ಹೆಂಗಸು. ಗಂಡನ ಮುಖವನ್ನೇ ನೋಡುತ್ತ ಕೇಳಿದರು, "ನಾನ್ ಯಾವತ್ ಬೇಡ ಅಂದಿದ್ದೆ?"

"ಹಾಗಂತಲ್ಲ..."

"ನೀವು ಯಾವತ್ ಕೇಳಿದ್ರಿ ಹೇಳಿ. ಅತ್ತೆ ಹೋದ್ಮೇಲೆ ಇವತ್ ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ನಾನೂ ಕಾದೆ. ನಿಮ್ ಸ್ನೇಹಿತ್ರು, ನೀವೇ ಕರೀಲಿ ಅಂತ ಸುಮ್ನಿದ್ದೆ. ಆ ಮಳೆ ಬಂತಲ್ಲ, ಅವತ್ತು ಮೂರು ತಟ್ಟೆ ಹಾಕಿದ್ದೆ. ಗೇಟಿನ ಸದ್ದಾಯ್ತು. ಒಂದ್ ತಟ್ಟೆ ಎತ್ತಿಟ್ಟೆ."

ಆಕೆ ಒಳಗೆ ಹೋದರು. ಇವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮೊದಲು ತಾಯಿಯ ಹಿಂದೆ, ಆಮೇಲೆ ಹೆಂಡತಿಯ ಹಿಂದೆ ಅಡಗಿ ನಿಂತಿದ್ದ ಮನುಷ್ಯನಿಗೆ ಹಿಂದೆ ನಿಲ್ಲಲು ಇನ್ನು ಯಾರೂ ಉಳಿದಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತೆ.

ಮುಸ್ಲಿಮರಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಚಿಲ್ಲರೆ ಮನೆಯೊಳಗೇ ಇದ್ದು ದುಃಖ ಕಳೆಯಬೇಕು, ಇದ್ದತ್ ಎನ್ನುತ್ತಾರೆ ಅದಕ್ಕೆ. ಆಗ ಹೊರಗಿನ ಗಂಡಸರು ಹೋಗಿ ಮಾತಾಡಿಸುವಂತಿಲ್ಲ. ಅದು ಮುಗಿದ ವಾರವೇ ದಂಪತಿಗಳು ಖುರ್ಷಿದಾ ಬೇಗಮರ ಮನೆಗೆ ಹೋದರು, ನನ್ನನ್ನೂ ಕರೆದೊಯ್ದರು. ವೆಂಕಟೇಶಯ್ಯನವರು ಕುರ್ಚಿಯ ಅಂಚಿನಲ್ಲಿ ಕೂತು, ಅಷ್ಟು ವರ್ಷ ಹೇಳದ ಮಾತನ್ನು ಒಂದೇ ಉಸಿರಿಗೆ ಹೇಳಿದರು, "ಅಮ್ಮಾ, ಭಾನುವಾರ ನೀವು ಮಕ್ಕಳನ್ನ ಕರ್ಕೊಂಡು ನಮ್ಮನೆಗೆ ಊಟಕ್ಕೆ ಬರ್ಬೇಕು."

ಖುರ್ಷಿದಾ ಬೇಗಂ ಸೆರಗು ಸರಿಮಾಡಿಕೊಂಡರು.

"ನಿಮ್ ತಾಯಿ ತೀರ್ಕೊಂಡ್ ವರ್ಷ, ಅಣ್ಣಾ, ಭಾನ್ವಾರ ನಿಮ್ಮನೆಗೆ ಹೊರಡೋವಾಗೆಲ್ಲ ಇವ್ರು ನಂಗೆ ಹೇಳ್ತಿದ್ರು, ಇವತ್ತು ನನಗೆ ಅಂತ ಅನ್ನ ಇಟ್ಕೋಬೇಡ, ವೆಂಕಟು ಕೂರಿಸ್ಕೊಂಡ್ರೂ ಕೂರಿಸ್ಕೊಂಡ ಅಂತ. ಹಸ್ಕೊಂಡ್ ವಾಪಸ್ ಬರೋರು. ಆಮೇಲ್ ನಾನು ಉಪ್ಪಿಟ್ಟೋ ಏನೋ ಕೆದಕಿ ಕೊಡ್ತಿದ್ದೆ. ಎಷ್ಟೋ ದಿನ ಹಂಗೇ ನಡೀತು. ಆಮೇಲ್ ಹೇಳೋದು ಬಿಟ್ರು."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಅವ್ರಿಗೆ ನಿಮ್ಮನೆ ಊಟ ಬೇಕಿರ್ಲಿಲ್ಲ ಅಣ್ಣಾ, ನಮ್ಮನೇಲಿ ಊಟಕ್ಕೇನ್ ಕಮ್ಮಿ. ನೀವು ಕರೀಬೇಕಿತ್ತು, ಅಷ್ಟೇ. ಕರೆದಿದ್ರೆ ಬೇಡ ಕಣೋ ಅಂತ ಎದ್ ಬರ್ತಿದ್ರೋ ಏನೋ. ಬೇಜಾರ್ ಮಾಡ್ಕೋಬೇಡಿ, ಈಗ ನಾನು ಬಂದ್ ಕೂತ್ರೆ ತುತ್ತು ಇಳಿಯಲ್ಲ."

ಆಮೇಲೆ ಆಕೆ ಅಲಮೇಲಮ್ಮನವರ ಕೈ ಹಿಡಿದುಕೊಂಡು ಮನೆಯ ಸಮಾಚಾರ ವಿಚಾರಿಸಿದರು, ನಮಗೆಲ್ಲ ಚಹಾ ಕೊಟ್ಟರು, ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಭಾನುವಾರದ ಕೂಟ ಅಲ್ಲಿಗೆ ನಿಂತಿತು. ಮೂಡಲಗಿರಿಯಪ್ಪನವರು ಕೂಡ ಅದರ ಸುದ್ದಿ ಎತ್ತುವುದಿಲ್ಲ.

ವೆಂಕಟೇಶಯ್ಯನವರಂಥವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಅವರು ಯಾರನ್ನೂ ಹೊಸಿಲಿನಿಂದ ಅಟ್ಟಿದವರಲ್ಲ, ಯಾರಿಗೂ ಬಿರುನುಡಿ ಆಡಿದವರಲ್ಲ. ಕ್ರೌರ್ಯವನ್ನು ಕಂಡರೆ ನಾಚುವಷ್ಟು ಒಳ್ಳೆಯವರು, ಅದನ್ನು ಎದುರಿಸುವ ಹೊತ್ತಿಗೆ ಪಕ್ಕದ ದಾರಿ ಹುಡುಕುವಷ್ಟು ಜಾಣರು. ಕೆಟ್ಟವರು ಮಾಡಿದ ಗಾಯಕ್ಕೆ ಒಂದಿಷ್ಟು ಸಿಟ್ಟಾದರೂ ಮದ್ದಾಗುತ್ತದೆ. ಇಂಥವರನ್ನು ಬೈಯಲು ಬಾಯಿ ಬರುವುದಿಲ್ಲ, ಅಳುವಾಗ ಜೊತೆಯಲ್ಲಿ ಕೂರಬೇಕೆನಿಸುತ್ತದೆ. ಅವರು ಹೇಳಬೇಕಾದದ್ದು ಇಡೀ ಜನ್ಮದಲ್ಲಿ ಒಂದೇ ಮಾತು. ಅದಕ್ಕೆ ತಕ್ಕ ದಿನ ಬರಲೆಂದು ಕಾಯುತ್ತಾರೆ. ಎದುರಿಗೆ ಕೂತವನು, ಅವರಿಗೆ ಮುಜುಗರವಾಗದಿರಲಿ ಎಂದು, ತಾನಾಗಿಯೇ ಎದ್ದು ಹೊರಡುತ್ತಾನೆ.