ಫೆಫೊನ ಬಿಳಿ ಕಾಲು

ಜನವರಿ ಬಂತೆಂದರೆ ಸೆಖೊಬಾನೆಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಅದು ನಮ್ಮಲ್ಲಿ ಬೇಸಿಗೆ. ಗಡಿಯಾಚೆಯ ಚಿನ್ನದ ಗಣಿಗಳಿಂದ ಗಂಡಸರು ರಜೆಗೆ ಬೆಟ್ಟದ ಊರುಗಳಿಗೆ ಬಂದಿರುತ್ತಿದ್ದರು, ಎಲ್ಲರ ಮೈಮೇಲೂ ಹೊಸ ಕಂಬಳಿ, ಎಲ್ಲರಿಗೂ ಫೋಟೊ ಬೇಕು. ನನ್ನ ಹಳೆಯ ಪಿಕಪ್ಪು ಗಾಡಿಯಲ್ಲಿ ಅವನ ಕ್ಯಾಮೆರಾ, ಮುಕ್ಕಾಲಿ, ಹಿನ್ನೆಲೆಯ ಪರದೆ, ವೇಷದ ಪೆಟ್ಟಿಗೆ ಏರಿಸಿಕೊಂಡು ರಾಜಧಾನಿ ಮಸೇರುವಿನಿಂದ ಹೊರಟರೆ ತಿರುಗಿ ಬರುವುದು ನಾಲ್ಕು ವಾರಕ್ಕೆ. ನಾನು ಗಾಡಿ ಓಡಿಸುತ್ತಿದ್ದೆ. ಅವನಿಗಿಂತ ಆರು ವರ್ಷ ದೊಡ್ಡವನಾದ್ದರಿಂದ ನನ್ನನ್ನು ಅಬುತಿ ಎನ್ನುತ್ತಿದ್ದ, ಅಣ್ಣ ಎಂದ ಹಾಗೆ.

ಆ ಪರದೆಯ ಮೇಲೆ ಒಂದು ವಿಮಾನ ಬರೆದಿತ್ತು. ಗಾಳಿಗೆ ಅದು ಹಾರದಂತೆ ಹಿಂದಿನಿಂದ ಇಬ್ಬರು ಹಿಡಿದುಕೊಳ್ಳಬೇಕು. ಆ ಕಾಲದ ಯಾವ ಫೋಟೊ ತೆಗೆದು ನೋಡಿದರೂ ಅಂಚಿನಲ್ಲಿ ನನ್ನ ನಾಲ್ಕು ಬೆರಳು ಕಾಣುತ್ತವೆ. ಸೆಖೊಬಾನೆ ಕುರಿ ಕಾಯುವವನ ಕೊರಳಿಗೆ ಟೈ ಕಟ್ಟಿ, ಕಪ್ಪು ಕನ್ನಡಕ ಹಾಕಿ, ತಂತಿಯಿಲ್ಲದ ಟೆಲಿಫೋನು ಕಿವಿಗಿಟ್ಟು ಕೇಳುತ್ತಿದ್ದ:

“ಯಾರ ಹತ್ರ ಮಾತಾಡ್ತಿದೀಯಪ್ಪ?”

“ನಮ್ಮ ಅತ್ತೆ ಹತ್ರ.”

“ಹಾಗಾದ್ರೆ ನೆಟ್ಟಗೆ ನಿಂತ್ಕೊ. ಹಲ್ಲು ಕಿಸಿಬೇಡ.”

ಸುತ್ತ ನಿಂತವರು ಹೊಟ್ಟೆ ಹಿಡಿದು ನಗುವಾಗ ಅವನು ಗುಂಡಿ ಒತ್ತಿಬಿಡುತ್ತಿದ್ದ.

ನಾನು ಹೇಳಬೇಕೆಂದಿರುವ ಬೇಸಿಗೆಯಲ್ಲಿ ಮಾಂತ್ಸೊನ್ಯಾನೆಯ ಸಂತೆ ಬಯಲಲ್ಲಿ ಪರದೆ ಕಟ್ಟಿದ್ದೆವು. ಹತ್ತು ಗಂಟೆಯ ಹೊತ್ತು. ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ಬಂದಳು. ಹೆಸರು ಮೊಸೆಲೆ. ಹಾ ಮೊಖೆಥಿ ಊರಿನ ಕಾಟಿಸೊನ ಅಕ್ಕ. ಕಾಟಿಸೊನನ್ನು ನಾವು ಬಲ್ಲೆವು. ಹೋದ ಬೇಸಿಗೆಯಲ್ಲಿ ಅವನ ಕುದುರೆ ಫೆಫೊ ಸಮೇತ ಅವನ ಫೋಟೊ ತೆಗೆದಿದ್ದೆವು.

“ನ್ತಾತೆ,” ಎಂದಳು, ಯಜಮಾನರೇ ಎಂದ ಹಾಗೆ. “ಫೆಫೊನ ಕಟ್ಟಿಹಾಕಿದಾರೆ. ರಮೆತ್ಸೆ ಅಂತ ಒಬ್ಬ ದೊಡ್ಡ ಕುಳ ಬಂದಿದಾನೆ. ಹೋದ ವರ್ಷ ಏಪ್ರಿಲ್‌ನಲ್ಲಿ ಕಳೆದುಹೋದ ತನ್ನ ಕುದುರೆ ಇದೇ ಅಂತಾನೆ. ನನ್ನ ತಮ್ಮನ್ನ ಕಳ್ಳ ಅಂತಾನೆ. ಇವತ್ತು ಮಧ್ಯಾಹ್ನ ಪಂಚಾಯಿತಿ.”

“ಕುದುರೆ ಕಾಗದ ಇಲ್ವ?”

“ಸಿಡಿಲು ಹೊಡೆದು ಗುಡಿಸಲು ಸುಟ್ಟುಹೋಯ್ತಲ್ಲ, ಕಾಗದವೂ ಅದ್ರಲ್ಲೇ ಹೋಯ್ತು. ನನ್ನ ಮನೆ ಗೋಡೆ ಮೇಲಿದ್ದ ಫೋಟೊ ಒಂದು ಉಳ್ಕೊಂಡಿದೆ. ಹೋದ ಜನವರಿಲೇ ಕುದುರೆ ನಮ್ಮದಾಗಿತ್ತು ಅನ್ನೋಕೆ ಅದೊಂದೇ ಸಾಕ್ಷಿ. ತೆಗೆದವರು ಬಂದು ಹೇಳ್ಬೇಕಂತೆ. ಇಲ್ದಿದ್ರೆ ಕುದುರೆ ಅವನಿಗೆ, ನನ್ನ ತಮ್ಮ ಪೊಲೀಸರಿಗೆ.”

ಸೆಖೊಬಾನೆಗೆ ಹಿಗ್ಗೋ ಹಿಗ್ಗು. “ಕೇಳಿದ್ಯಾ ಅಬುತಿ, ನನ್ನ ಫೋಟೊ ಪಂಚಾಯಿತಿಗೆ ಹೋಗ್ತಿದೆ,” ಎಂದು ಪರದೆ ಸುತ್ತತೊಡಗಿದ. ಟೈ ಕಟ್ಟಿಕೊಂಡು ಸರದಿಗೆ ಕಾದಿದ್ದವನ ಕೊರಳಿಂದ ಅದನ್ನು ಬಿಚ್ಚಿಕೊಂಡು ತಾನೇ ಕಟ್ಟಿಕೊಂಡ.

ನನಗೆ ಹಿಗ್ಗಾಗಲಿಲ್ಲ. ಆ ಫೋಟೊದ ವಿಷಯ ನನಗೆ ಗೊತ್ತಿತ್ತು.

ಹೋದ ವರ್ಷ ಮಸೇರುವಿನಲ್ಲಿ, ಅವನ ಕತ್ತಲೆ ಕೋಣೆಯ ಹೊರಗೆ ಒದ್ದೆ ಫೋಟೊಗಳನ್ನು ದಾರಕ್ಕೆ ಸಿಕ್ಕಿಸುತ್ತಿದ್ದವನು ನಾನೇ. ಕಾಟಿಸೊನ ಫೋಟೊ ಕೈಗೆ ಬಂದಾಗ ಏನೋ ಸರಿಯಿಲ್ಲ ಅನ್ನಿಸಿತು. ಬಹಳ ಹೊತ್ತು ನೋಡಿದ ಮೇಲೆ ತಿಳಿಯಿತು, ಕಂಬಳಿಯ ಪಿನ್ನು ಎಡಭುಜದ ಮೇಲಿದೆ. ನಮ್ಮಲ್ಲಿ ಹೆಂಗಸು ಪಿನ್ನು ಚುಚ್ಚುವುದು ಎದೆಯ ಮುಂದೆ, ಗಂಡಸು ಬಲಭುಜದ ಮೇಲೆ. ಎಡಕ್ಕೆ ಚುಚ್ಚಿದ ಗಂಡಸನ್ನು ನಾನು ಕಂಡಿಲ್ಲ. ಸೆಖೊಬಾನೆ ನೆಗೆಟಿವನ್ನು ಮಗುಚಿ ಹಾಕಿ, ಎಡಬಲ ಅದಲುಬದಲಾಗುವಂತೆ ಅಚ್ಚು ತೆಗೆದಿದ್ದ. ಅದು ಅವನ ಆಟ. ಎಡಕ್ಕೆ ಮುಖ ಮಾಡಿದ ಕುದುರೆ ಸೋತು ಮನೆಗೆ ಹೊರಟ ಹಾಗೆ ಕಾಣುತ್ತದೆ, ಬಲಕ್ಕೆ ತಿರುಗಿಸಿದರೆ ಪಂದ್ಯಕ್ಕೆ ಹೊರಟ ಹಾಗೆ ಕಾಣುತ್ತದೆ ಎನ್ನುತ್ತಿದ್ದ. ಗಾಡಿ ಓಡಿಸುವವನಿಗೆ ಯಾಕೆ ಅದೆಲ್ಲ ಎಂದು ಅಂದು ಸುಮ್ಮನಾಗಿದ್ದೆ.

ಫೆಫೊ ಕಂದು ಬಣ್ಣದ ಕುದುರೆ. ಮುಂದಿನ ಬಲಗಾಲು ಮಾತ್ರ ಮೊಣಕಾಲಿನವರೆಗೆ ಬಿಳಿ. ಫೋಟೊದಲ್ಲಿ ಆ ಬಿಳಿ ಎಡಗಾಲಿಗೆ ಹೋಗಿತ್ತು.

ಮೊಸೆಲೆ ಗಾಡಿಯ ಹಿಂದೆ, ಸುತ್ತಿದ ಪರದೆಯ ಮೇಲೆ ಕುಳಿತಳು. ಊರು ದಾಟಿ ಘಟ್ಟ ಹತ್ತುವಾಗ ನಾನು ಬಾಯಿ ಬಿಟ್ಟೆ. ಪಿನ್ನು ಹೇಳಿದೆ, ಕಾಲು ಹೇಳಿದೆ. ಸೆಖೊಬಾನೆ ಸೀಟಿ ಹಾಕುತ್ತಿದ್ದವನು ನಿಲ್ಲಿಸಿದ.

“ನಿಜವಾಗ್ಲೂ?”

“ನಾನೇ ಒಣಗ್ಹಾಕಿದ್ದು.”

ಗಾಡಿ ಎರಡು ತಿರುವು ದಾಟಿತು. ಆಮೇಲೆ ಅವನು ಕೊರಳಿನ ಟೈ ಸಡಿಲ ಮಾಡಿ ಹೇಳಿದ: “ಅಬುತಿ, ನಾನು ಫೋಟೊ ತಿರುಗಿಸ್ತೀನಿ ಅಂತ ಗೊತ್ತಾದ್ರೆ ಪಾಸ್‌ಪೋರ್ಟಿಗೆ ನನ್ನ ಫೋಟೊ ಯಾವ ಕಚೇರಿ ತಗೊಳತ್ತೆ? ಗಣಿಯವರು ಯಾರು ಬರ್ತಾರೆ? ನನ್ನ ಅನ್ನ ಇರೋದೇ ಅದ್ರಲ್ಲಿ.”

“ಅವನ ಕುದುರೆ ಹೋಗತ್ತೆ. ಅವನೂ ಹೋಗ್ತಾನೆ.”

“ನಿಧಾನ ಓಡ್ಸು,” ಎಂದ. ಆಕಾಶ ನೋಡಿದ. ಮೇಲಿನ ಶಿಖರದ ಮೇಲೆ ಮೋಡ ಕಪ್ಪಗಾಗಿತ್ತು. “ಮೇಲೆ ಮಳೆ ಬಿದ್ದಿದೆ. ಹೊಳೆ ಏರಿದ್ರೆ ದಾಟೋಕಾಗಲ್ಲ. ಅದು ನಮ್ಮ ತಪ್ಪಲ್ವಲ್ಲ.”

ನಾನು ಗಾಡಿ ನಿಧಾನ ಮಾಡಲಿಲ್ಲ.

ಹಾ ಮೊಖೆಥಿಗೆ ತಿರುಗುವ ಕವಲಿನಲ್ಲಿ ಹೊಳೆ ಅಡ್ಡ ಬರುತ್ತದೆ, ಸೇತುವೆ ಇಲ್ಲ. ನೀರು ಕೆಂಪಾಗಿ, ಕಡ್ಡಿ ಕಸ ಹೊತ್ತುಕೊಂಡು ಬರುತ್ತಿತ್ತು. ನಡುವಿನ ಕರಿಬಂಡೆಯ ನೆತ್ತಿ ಇನ್ನೂ ಕಾಣುತ್ತಿತ್ತು. ಆ ನೆತ್ತಿ ಮುಳುಗಿದರೆ ಗಾಡಿ ಇಳಿಸಬಾರದು ಎಂದು ಎಲ್ಲ ಚಾಲಕರಿಗೂ ಗೊತ್ತು. ಸೆಖೊಬಾನೆ ಸೀಟಿನ ಅಡಿಯಿಂದ ಬಿಸ್ಕತ್ತಿನ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೋದ ವರ್ಷದ ನೆಗೆಟಿವುಗಳೆಲ್ಲ ಅದರೊಳಗಿದ್ದವು, ಯಾರಾದರೂ ಇನ್ನೊಂದು ಪ್ರತಿ ಕೇಳಿದರೆ ಇರಲಿ ಎಂದು ಜೊತೆಗೇ ತರುತ್ತಿದ್ದ.

ನಾನು ಗಾಡಿಯನ್ನು ನೀರಿಗೆ ಇಳಿಸಿದೆ. ಬಾಗಿಲ ಸಂದಿನಿಂದ ನೀರು ಒಳಗೆ ಬಂದು ಪಾದ ಮುಟ್ಟಿತು. ಹಿಂದಿನಿಂದ ಮೊಸೆಲೆ ತಗಡು ಬಡಿದಳು, ಹೋಗು ಎನ್ನುವಂತೆ. ಗಾಡಿ ಒಮ್ಮೆ ಪಕ್ಕಕ್ಕೆ ಜಾರಿತು. ಆಗಲೇ ಸೆಖೊಬಾನೆ ಕಿಟಕಿಯ ಗಾಜು ಇಳಿಸಿದ, ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ನನ್ನ ಎರಡೂ ಕೈ ಸ್ಟಿಯರಿಂಗ್ ಚಕ್ರದ ಮೇಲಿದ್ದವು, ತಡೆಯಲು ಆಗುವಂತಿರಲಿಲ್ಲ.

“ಸೆಖೊಬಾನೆ, ಅದ್ರಲ್ಲಿ ನಿಮ್ಮಮ್ಮನ ಫೋಟೊನೂ ಇದೆ,” ಎಂದೆ.

ಅವನು ಅಲ್ಲಾಡಲಿಲ್ಲ. ಗಾಲಿಗೆ ಕಲ್ಲು ಸಿಕ್ಕಿತು, ಗಾಡಿ ಉಬ್ಬಸಪಡುತ್ತ ಆಚೆ ದಡ ಹತ್ತಿತು. ತಿರುಗಿ ನೋಡಿದಾಗ ಕರಿಬಂಡೆಯ ನೆತ್ತಿ ಕಾಣಲಿಲ್ಲ. ಡಬ್ಬಿ ಅವನ ತೊಡೆಯ ಮೇಲೇ ಇತ್ತು.

ಪಂಚಾಯಿತಿ ಕೂಡುವುದು ಊರ ನಾಯಕಿಯ ಮನೆಯೆದುರಿನ ಕಲ್ಲಿನ ಸುತ್ತುಗೋಡೆಯೊಳಗೆ. ಗಂಡ ತೀರಿಕೊಂಡ ಮೇಲೆ ಆಕೆಯೇ ಆ ಊರನ್ನು ನಡೆಸುತ್ತಿದ್ದಳು. ನಮ್ಮಲ್ಲಿ ಊರಾಳುವವರು ಹೆಂಗಸಾದರೂ ಕರೆಯುವುದು ಮೊರೆನಾ, ದೊರೆ, ಎಂದೇ. ಆಕೆ ಕುರ್ಚಿಯಲ್ಲಿ, ಉಳಿದವರು ಕಲ್ಲುಗಳ ಮೇಲೆ. ಫೆಫೊನನ್ನು ಕಂಬಕ್ಕೆ ಕಟ್ಟಿದ್ದರು. ಕಾಟಿಸೊ ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಕುಳಿತಿದ್ದ. ನಮ್ಮನ್ನು ಕಂಡ ಕೂಡಲೇ ಅವನ ಮುಖ ಅರಳಿತು. ನಾನು ಬೇರೆ ಕಡೆ ನೋಡಿದೆ.

ನಾಯಕಿ ಫೋಟೊ ಎತ್ತಿ ತೋರಿಸಿದಳು. “ಸೆಖೊಬಾನೆ, ಇದು ನೀನು ತೆಗೆದಿದ್ದಾ?”

“ಹೌದು ಮೊರೆನಾ.”

“ಯಾವಾಗ?”

“ಹೋದ ಜನವರಿಲಿ.”

ರಮೆತ್ಸೆ ಎದ್ದ. ದಪ್ಪ ಆಳು, ಮಾತು ಮೆತ್ತಗೆ. “ಮೊರೆನಾ, ಫೋಟೊ ತೆಗೆದಿದ್ದು ನಿಜ, ನಾನು ಇಲ್ಲ ಅನ್ನಲ್ಲ. ಆದ್ರೆ ಈ ಕುದುರೆಗೆ ಬಿಳಿ ಇರೋದು ಯಾವ ಕಾಲಲ್ಲಿ? ಬಲಗಾಲಲ್ಲಿ. ಫೋಟೊದಲ್ಲಿ ಎಡಗಾಲಲ್ಲಿ. ಇವನ ಹತ್ರ ಹೋದ ವರ್ಷ ಯಾವುದೋ ಕುದುರೆ ಇತ್ತು, ಅದು ಸತ್ತಿರಬೇಕು. ಇದು ನನ್ನದು. ಕಳೆದುಹೋದ ನನ್ನ ಕುದುರೆಗೆ ಬಲಗಾಲು ಬಿಳಿ ಅಂತ ಅವತ್ತೇ ಹತ್ತು ಊರಿಗೆ ಹೇಳಿಕಳ್ಸಿದ್ದೆ.”

ಫೋಟೊ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಅದನ್ನು ನೋಡಿ, ಕುದುರೆ ನೋಡಿ, ಮುಂದಕ್ಕೆ ಕೊಟ್ಟರು. ಕಾಟಿಸೊ ಎದ್ದು ನಿಂತ. “ಬಣ್ಣ ಬಳಿದಿದೀನೇನೋ ಅಂತ ಕಾಲು ತೊಳೆದು ನೋಡಿ ಬೇಕಾದ್ರೆ. ಅದು ಮರಿಯಾಗಿದ್ದಾಗಿಂದ...” ಅಷ್ಟರಲ್ಲಿ ಫೋಟೊ ಅವನ ಕೈಗೆ ಬಂತು. ವರ್ಷವಿಡೀ ಗೋಡೆಯ ಮೇಲೆ ಕಂಡಿದ್ದನ್ನು ಅಂದು ಮೊದಲ ಸಲ ನೋಡಿದವನಂತೆ ನೋಡಿದ.

“ಸೆಖೊಬಾನೆ, ನಿನಗೇನಾದ್ರೂ ಹೇಳೋದಿದೆಯಾ?” ನಾಯಕಿ ಕೇಳಿದಳು.

“ತೆಗೆದಿದ್ದು ನಾನು, ಮೊರೆನಾ. ಅಷ್ಟು ಹೇಳಬಲ್ಲೆ.”

ಮೊಸೆಲೆ ನನ್ನತ್ತ ನೋಡುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಆದರೂ ನನ್ನತ್ತಲೇ ನೋಡುತ್ತಿದ್ದಳು. ಆ ಕಲ್ಲಿನ ಸುತ್ತಿನೊಳಗೆ ಪರ ಊರಿನ ಚಾಲಕ ಮಾತಾಡುವ ಪದ್ಧತಿಯಿಲ್ಲ. ನಾನು ಟೋಪಿ ತೆಗೆದು ಎದ್ದೆ.

“ಮೊರೆನಾ, ಅಪ್ಪಣೆಯಾದ್ರೆ ಒಂದು ಮಾತು. ಕಾಲು ಬಿಡಿ. ಫೋಟೊದಲ್ಲಿ ಪಿನ್ನು ಎಲ್ಲಿದೆ ನೋಡಿ.”

ಆಕೆ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದಳು. ನಿಧಾನವಾಗಿ ತಲೆ ಎತ್ತಿ ಸುತ್ತ ಕುಳಿತ ಗಂಡಸರ ಭುಜಗಳನ್ನು ನೋಡಿದಳು. ಹತ್ತಿಪ್ಪತ್ತು ಕೈಗಳು ತಮಗರಿವಿಲ್ಲದೆ ತಮ್ಮ ತಮ್ಮ ಬಲಭುಜ ಮುಟ್ಟಿಕೊಂಡವು.

“ಅವತ್ತು ಕುಡಿದಿದ್ದ ಅನ್ಸತ್ತೆ,” ಎಂದ ರಮೆತ್ಸೆ.

ಮೂಲೆಯಲ್ಲಿದ್ದ ಒಬ್ಬ ಮುದುಕ ಕೆಮ್ಮಿದ. “ಕುಡಿದವನು ಚಡ್ಡಿ ಹಿಂದೆಮುಂದೆ ಹಾಕ್ಕೊಂಡಾನು ರಮೆತ್ಸೆ. ಪಿನ್ನು ಆ ಕಡೆ ಚುಚ್ಚೋಕೆ ಕೈಯೇ ಹೋಗಲ್ಲ.”

ಕೆಲವರು ನಕ್ಕರು. ಗಾಡಿಯಿಂದ ಕನ್ನಡಿ ತರಿಸಿದೆ, ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ. ಫೋಟೊವನ್ನು ಅದರೆದುರು ಹಿಡಿದೆ. ಕನ್ನಡಿಯೊಳಗೆ ಪಿನ್ನು ಬಲಭುಜಕ್ಕೆ ಬಂತು, ಬಿಳಿಯೂ ಬಲಗಾಲಿಗೆ ಬಂತು. ಆದರೆ ರಮೆತ್ಸೆ ಬಿಡುವ ಆಸಾಮಿಯಲ್ಲ.

“ಕನ್ನಡಿ ಎಲ್ಲಾನೂ ತಿರುಗಿಸತ್ತೆ, ಮೊರೆನಾ. ನನ್ನನ್ನ ತೋರಿಸಿದ್ರೆ ನಾನೂ ಎಡಚ ಆಗ್ತೀನಿ. ಅದು ಸಾಕ್ಷಿನಾ?”

ಅವನ ಮಾತು ಸುಳ್ಳಾಗಿರಲಿಲ್ಲ. ಫೆಫೊ ಸೀನಿ ಕಾಲು ಬದಲಿಸಿತು. ನಾನು ಹೇಳುವುದು ಮುಗಿದಿತ್ತು, ಉಳಿದದ್ದು ಸೆಖೊಬಾನೆಯ ತೊಡೆಯ ಮೇಲಿದ್ದ ಡಬ್ಬಿಯಲ್ಲಿತ್ತು. ಸುತ್ತಲೂ ಗಣಿಯಿಂದ ಬಂದ ಗಂಡಸರು, ಅವನ ಗಿರಾಕಿಗಳು. ಅವನು ಅವರನ್ನು ನೋಡಿದ, ಡಬ್ಬಿ ನೋಡಿದ, ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡ.

“ಮೊರೆನಾ, ತಿರುಗಿಸಿದ್ದು ನಾನು,” ಎಂದ. “ಚೆನ್ನಾಗಿ ಕಾಣ್ಲಿ ಅಂತ.”

ಡಬ್ಬಿ ತೆರೆದು ಒಂದೊಂದೇ ಪಟ್ಟಿ ಆಕಾಶಕ್ಕೆ ಹಿಡಿದು ಹುಡುಕಿದ. ಮೋಡ ಕವಿದಿತ್ತು, ಬೆಳಕು ಕಡಿಮೆ. ಏಳೋ ಎಂಟೋ ಪಟ್ಟಿಯಾದ ಮೇಲೆ ಒಂದು ಸಿಕ್ಕಿತು. ನಾಯಕಿಯ ಪಕ್ಕದಲ್ಲಿ ಮೊಣಕಾಲೂರಿ ಅದನ್ನು ಎತ್ತಿ ಹಿಡಿದ. “ಇದ್ರಲ್ಲಿ ಬಿಳಿ ಇರೋದು ಕಪ್ಪಾಗಿ ಕಾಣತ್ತೆ. ಅಂಚಲ್ಲಿ ಅಂಕಿ ಇದೆ ನೋಡಿ. ಅಂಕಿ ನೆಟ್ಟಗೆ ಓದೋ ಹಾಗೆ ಹಿಡಿದ್ರೆ ಅದೇ ನಿಜವಾದ ಮಗ್ಗುಲು. ಅಂಕಿ ಬರೆಯೋದು ಕಾರ್ಖಾನೆ, ನಾನಲ್ಲ.”

“ಹದಿನೇಳು,” ಓದಿದಳು ನಾಯಕಿ. “ಕಪ್ಪು ಕಾಲು... ಬಲಗಾಲು. ಪಿನ್ನು ಬಲಕ್ಕೆ.” ಪಟ್ಟಿಯನ್ನು ರಮೆತ್ಸೆಗೆ ಕೊಟ್ಟಳು. ಅವನು ಆ ಕಡೆ ಈ ಕಡೆ ತಿರುಗಿಸಿ, ಅಂಕಿ ನೆಟ್ಟಗೆ ಬಂದಾಗಲೆಲ್ಲ ಕಾಲು ಬಲಕ್ಕೇ ಬಂದದ್ದನ್ನು ಕಂಡ.

“ಇದು ಜನವರಿದೇ ಅಂತ ಏನು ಗ್ಯಾರಂಟಿ?” ಎಂದ, ಮೊದಲಿಗಿಂತ ಸಣ್ಣ ದನಿಯಲ್ಲಿ.

“ಪಕ್ಕದಲ್ಲಿ ಹದಿನೆಂಟು ಇದೆಯಲ್ಲ,” ಸೆಖೊಬಾನೆ ಹೇಳಿದ. “ಅದು ಮೊರೆನಾ ಅವರೇ. ಟೆಲಿಫೋನು ಹಿಡ್ಕೊಂಡು.”

ಇಡೀ ಸುತ್ತು ನಕ್ಕಿತು. ನಾಯಕಿಯೂ ಸೆರಗಿನಂತೆ ಕಂಬಳಿಯನ್ನು ಬಾಯಿಗೆ ತಂದುಕೊಂಡಳು. “ಹೌದು, ಅದು ಮೊಮ್ಮಗಳು ಹುಟ್ಟಿದ ವಾರ. ಜನವರಿನೇ. ನನ್ನನ್ನೂ ತಿರುಗಿಸಿದ್ಯೇನೋ?”

“ಇಲ್ಲ ಮೊರೆನಾ. ನಿಮ್ಮನ್ನ ತಿರುಗಿಸೋಕೆ ಧೈರ್ಯ ಬರ್ಲಿಲ್ಲ.”

ನಗು ಅಡಗಿದ ಮೇಲೆ ಆಕೆ ಕಾಟಿಸೊನ ಕಡೆ ಕೈ ತೋರಿ, “ಬಿಚ್ಕೊಂಡು ಹೋಗು” ಎಂದಳು. ಹಗ್ಗದ ಗಂಟು ಬಿಚ್ಚಲು ಕಾಟಿಸೊನಿಗೆ ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಅವನೇ ಬಿಚ್ಚಲಿ ಎಂದು ಬಿಟ್ಟರು. ಮೊಸೆಲೆ ಮಾತ್ರ ಹತ್ತಿರ ಹೋಗಿ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಳು.

ಸುತ್ತುಗೋಡೆಯ ಹೊರಗೆ ಆಗಲೇ ಗಣಿಯವರು ಸೆಖೊಬಾನೆಯನ್ನು ಮುತ್ತಿದ್ದರು. “ನನ್ನ ಪಾಸ್‌ಪೋರ್ಟಲ್ಲಿ ಮಚ್ಚೆ ಯಾವ ಕೆನ್ನೆಗಿದೆಯೋ?” ಎಂದ ಒಬ್ಬ. “ನಿನ್ನ ಮುಖ ಯಾವ ಕಡೆ ತಿರುಗಿಸಿದ್ರೂ ಒಂದೇ, ಬಿಡು,” ಎಂದ ಇನ್ನೊಬ್ಬ. ನಗುತ್ತಲೇ ಕೇಳಿದರು. ಆದರೂ ಆ ಬೇಸಿಗೆಯಲ್ಲಿ ಮುಂದಿನ ಮೂರು ಊರುಗಳಲ್ಲಿ ಪಾಸ್‌ಪೋರ್ಟಿನ ಫೋಟೊಗೆ ಒಬ್ಬನೂ ಬರಲಿಲ್ಲ. ಸುದ್ದಿ ಕುದುರೆಯ ಮೇಲೆ ನಮಗಿಂತ ಮೊದಲೇ ಹೋಗಿತ್ತು, ನಾವು ಹೊಳೆಯ ನೀರು ಇಳಿಯುವವರೆಗೆ ಅಲ್ಲೇ ಇರಬೇಕಾಯಿತು.

ಆ ಸಂಜೆ ಮೊಸೆಲೆ ಪಾಪಾ ಎನ್ನುವ ಮೆಕ್ಕೆಜೋಳದ ಮುದ್ದೆ, ಸೊಪ್ಪು ಹಾಕಿದಳು. ಉಂಡ ಮೇಲೆ ಸೆಖೊಬಾನೆ ಕೈ ತೊಳೆದು, “ಬೆಳಕು ಇನ್ನೂ ಇದೆ. ಇನ್ನೊಂದು ತೆಗೀಲಾ?” ಎಂದು ಕಾಟಿಸೊನನ್ನು ಕೇಳಿದ.

“ತೆಗೀರಿ ನ್ತಾತೆ. ಅದು ಯಾವ ಕಡೆ ನೋಡತ್ತೋ ಆ ಕಡೆಗೇ ಇರ್ಲಿ.”

ಪರದೆ ಹಿಡಿಯಲು ನಾನು ಹೋದೆ. ಫೆಫೊಗೆ ಅವತ್ತಿನ ಜನ, ಹಗ್ಗ, ಗದ್ದಲ ಎಲ್ಲ ಸಾಕಾಗಿತ್ತು. ಎಷ್ಟು ಎಳೆದರೂ ನಮ್ಮ ಕಡೆ ಮುಖ ಮಾಡದೆ ಲಾಯದ ಕಡೆಗೇ ತಿರುಗಿ ನಿಂತಿತು. ಸೆಖೊಬಾನೆ ಹಾಗೆಯೇ ತೆಗೆದ. ಮೊಸೆಲೆಯ ಗೋಡೆಯ ಮೇಲೆ ಈಗಲೂ ಆ ಫೋಟೊ ಇದೆ. ಕುದುರೆಯ ಬಾಲ, ಅದರಾಚೆ ಬಲಕ್ಕೆ ಒಂದು ಬಿಳಿ ಕಾಲು, ಪಕ್ಕದಲ್ಲಿ ಬೆನ್ನು ತೋರಿಸಿ ನಿಂತ ಕಾಟಿಸೊ, ಅಂಚಿನಲ್ಲಿ ನನ್ನ ನಾಲ್ಕು ಬೆರಳು.