ಹತ್ತು ನಿಮಿಷದ ಪರಿಚಯ

“ಇವರು ನಿಂಗರಾಜ್. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಾರೆ. ನಾನು ಮೊದ್ಲು ಕುರ್ಚಿ ಹಾಕೋಕೆ ಬಂದಾರೇನೋ ಅಂದ್ಕೊಂಡಿದ್ದೆ. ಕೇಳಿದ್ರೆ ಇವರೂ ಮೇಷ್ಟ್ರಂತೆ.”

ಕೊಟ್ಟೂರೇಶ್ ಸರ್ ಹೀಗೆ ನನ್ನ ಪರಿಚಯ ಮಾಡಿಸಿದಾಗ ಸಭಾಂಗಣದಲ್ಲಿ ಅರವತ್ತು ಜನರಿದ್ದರು. ತರಬೇತಿ ಕೇಂದ್ರಗಳ ಶಿಕ್ಷಕರ ಸಮ್ಮೇಳನಕ್ಕೆಂದು ಸುತ್ತಲ ಊರುಗಳಿಂದ ದಾವಣಗೆರೆಗೆ ಬಂದವರು. ಎಲ್ಲರೂ ನಕ್ಕರು. ಹಿಂದಿನ ಸಾಲಿನ ಬಿಳಿ ಅಂಗಿಯವನು, “ಕುರ್ಚಿ ಮೇಷ್ಟ್ರು” ಅಂದ. ಮತ್ತೆ ನಕ್ಕರು. ನಾನು ನಿಂತೇ ಇದ್ದೆ. ಪರಿಚಯ ಮುಗಿಯುವ ತನಕ ನಿಲ್ಲಬೇಕು ಅಂತ ನಿಯಮ.

ನಿಯಮ ಸಮ್ಮೇಳನ ನಡೆಸುತ್ತಿದ್ದ ನಯನಾ ಮೇಡಂ ಅವರದು. ಗುರುತಿಲ್ಲದವರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, “ಹತ್ತು ನಿಮಿಷ ಮಾತಾಡ್ರಿ. ಆಮೇಲೆ ಒಬ್ಬರನ್ನೊಬ್ರು ಎಲ್ರಿಗೂ ಪರಿಚಯ ಮಾಡಿಸ್ರಿ. ಡಿಗ್ರಿ ಬ್ಯಾಡ, ಮನುಷ್ಯ ಹೆಂಗೆ ಅಂತ ಹೇಳ್ರಿ” ಎಂದಿದ್ದರು.

ಆ ಹತ್ತು ನಿಮಿಷ ನಾನೂ ಕೊಟ್ಟೂರೇಶ್ ಸರ್ ಅವರೂ ಕಿಟಕಿ ಪಕ್ಕ ಕೂತಿದ್ದೆವು. ಅವರು ಮಾಯಕೊಂಡದವರು, ಎಂ.ಟೆಕ್., ಹದಿನೆಂಟು ವರ್ಷದ ಸರ್ವಿಸು. ನಾನು ಹರಿಹರದ ಸಣ್ಣ ಕೇಂದ್ರವೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಮಿಷನ್ ಕಲಿಸುವವನು. ಮೊದಲು ಕೊಂಡಜ್ಜಿಯ ಸ್ಕೌಟ್ ಕ್ಯಾಂಪಿನಲ್ಲಿ ತಾವು ಉಪ್ಪಿಟ್ಟಿನ ತಳ ಹತ್ತಿಸಿದ ಕಥೆ ಹೇಳಿದರು. ಆಮೇಲೆ ನನ್ನ ಅಂಗೈ ನೋಡಿದರು.

“ಇದೇನ್ರಿ ಗಾಯ?”

“ಲೇತಿನದು ಸರ್. ಹಳೇದು.”

“ಮತ್ತೆ ಮುಟ್ಟೋಕೆ ಹೆದರಿಕೆ ಆಗ್ಲಿಲ್ಲಾ?”

“ಆತು. ಮರುದಿನ ಹೋಗಿ ನಿಂತೆ.”

ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳಿದರು. ಮೂರು ವರ್ಷದ ಹಿಂದೆ ಹುಡುಗರಿಗೆ ತೋರಿಸುವಾಗ ಕಬ್ಬಿಣದ ತುಂಡು ಬಿಗಿ ಮಾಡುವ ಚಾವಿಯನ್ನು ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನಲ್ಲೇ ಬಿಟ್ಟು ಲೇತ್ ಆನ್ ಮಾಡಿದ್ದರು. ಚಾವಿ ಹಾರಿ ಒಬ್ಬ ಹುಡುಗನ ಕಿವಿ ಪಕ್ಕದಲ್ಲಿ ಹೋಗಿ ಗೋಡೆಗೆ ಬಡಿದಿತ್ತು.

“ಅವತ್ತಿಂದ ಮಿಷನ್ ಮುಟ್ಟಿಲ್ಲ. ಬೋರ್ಡ್ ಮೇಲೆ ಬರೀತೀನಿ, ಅಷ್ಟೇ. ನಮ್ಮನೇರಿಗೂ ಹೇಳಿಲ್ಲ ಇದನ್ನ.”

ಅವರು ಅಷ್ಟು ಹೇಳಿದ ಮೇಲೆ ನಾನೂ ಒಂದು ಹೇಳಬೇಕು ಅನ್ನಿಸಿತು. ಶಾಲೆ ಬಿಟ್ಟದ್ದು ಹೇಳಿದೆ.

ಈಗ ಅವರ ಪರಿಚಯ ಮಾಡಿಸುವ ಸರದಿ ನನ್ನದು. ಅವರು ನಿಂತರು. ಊಟದ ನಂತರದ ಉಪನ್ಯಾಸ ಅವರದೇ: ‘ವರ್ಕ್‌ಶಾಪಿನಲ್ಲಿ ಸುರಕ್ಷತೆ’. ಹೆಸರು ಬ್ಯಾನರಿನಲ್ಲಿತ್ತು. ಆ ಚಾವಿಯ ಬಗ್ಗೆ ಒಂದೇ ವಾಕ್ಯ ಸಾಕಿತ್ತು. ಅದು ಅವರಿಗೂ ಗೊತ್ತಿತ್ತು. ಕೊರಳಿನ ಬ್ಯಾಡ್ಜಿನ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು.

“ಇವರು ಕೊಟ್ಟೂರೇಶ್. ಮಾಯಕೊಂಡ” ಎಂದೆ.

“ಅಷ್ಟೇನಾ? ಹತ್ತು ನಿಮಿಷ ಏನ್ ಮಾತಾಡಿದ್ರಿ?” ಎಂದರು ನಯನಾ ಮೇಡಂ.

ಬಾಯಿಗೆ ಬಂದದ್ದನ್ನು ನುಂಗಿದೆ.

“ಚಿಕ್ಕೋರಿದ್ದಾಗ ಕೊಂಡಜ್ಜಿ ಕ್ಯಾಂಪಿನಾಗೆ ನಲವತ್ತು ಜನಕ್ಕೆ ಉಪ್ಪಿಟ್ಟು ಮಾಡಿದ್ರಂತೆ. ತಳ ಹತ್ತಿತಂತೆ. ಹುಡುಗ್ರು ಅದನ್ನೂ ಕೆರೆದು ತಿಂದ್ರಂತೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕೂತರು.

ಊಟಕ್ಕೆ ನಾನು ಕಂಬದ ಮರೆಯಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಕೊಟ್ಟೂರೇಶ್ ಸರ್ ಹುಡುಕಿಕೊಂಡು ಬಂದರು.

“ತಪ್ಪು ತಿಳ್ಕಾಬ್ಯಾಡ್ರಿ. ಸುಮ್ನೆ ನಗಸೋಕೆ ಅಂದೆ.” ಆಚೀಚೆ ನೋಡಿದರು. “ಹರಿಹರ ಏನ್ ದೂರ ಐತೆ? ಒಂದು ಭಾನುವಾರ ನಿಮ್ಮ ವರ್ಕ್‌ಶಾಪಿಗೆ ಬರ್ತೀನಿ. ನೀವು ಪಕ್ಕದಾಗ ನಿಂತ್ರೆ ಮತ್ತೆ ಆನ್ ಮಾಡ್ತೀನಿ ಅನ್ಸುತ್ತೆ. ನಿಲ್ತೀರಾ?”

ನಿಲ್ಲುತ್ತೇನೆ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಬಿಳಿ ಅಂಗಿಯವನು ತಟ್ಟೆ ಹಿಡಿದು ಹಾದುಹೋದ.

“ಏನ್ ಸರ್, ಕುರ್ಚಿ ಮೇಷ್ಟ್ರ ಹತ್ರ ಟ್ಯೂಷನ್ನಾ?”

“ಇಲ್ಲಪ್ಪ” ಕೊಟ್ಟೂರೇಶ್ ಸರ್ ನಕ್ಕರು. “ಇವನು ಕುಡಿಯೋ ನೀರು ಎಲ್ಲಿಟ್ಟಾನೆ ಅಂತ ಕೇಳ್ತಿದ್ದೆ.”

ಅವನು ಮುಂದೆ ಹೋದ. ಸರ್ ನನ್ನ ಕಡೆ ತಿರುಗಿದರು.

“ಹೇಳ್ರಿ ನಿಂಗರಾಜ್. ಯಾವ ಭಾನುವಾರ ಬರ್ಲಿ?”

ನಾನು ತಟ್ಟೆಯನ್ನು ಟಬ್ಬಿನಲ್ಲಿಟ್ಟು, ಕೈ ತೊಳೆದು, ಗೇಟಿನ ಕಡೆ ನಡೆದೆ.